ಚಳಿಗಾಲದ ವಾರದ ದಿನಗಳಿಗೆ ಚಿಲಿ: ಹೊಟ್ಟೆ ತುಂಬಬೇಕು, ಉಪ್ಪು ಕಮ್ಮಿ ಇರಬೇಕು

ತುಂಗೆ ತೀರ (ಮಿನಿಯಾಪೊಲಿಸ್), ಶುಕ್ರವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಈಗ ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತದೆ. ಮಂಗಳವಾರ, ಗುರುವಾರ ಮಕ್ಕಳಿಗೆ ಈಜಿನ ಕ್ಲಾಸು. ಮನೆ ಸೇರುವಾಗ ಆರೂಕಾಲು. ಕಾರಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ಮಗಳ ಟೋಪಿಯಿಂದ ಹೊರಗೆ ಇಣುಕಿದ ಒದ್ದೆ ಕೂದಲು ಕಡ್ಡಿಯ ಹಾಗೆ ಗಟ್ಟಿಯಾಗಿರುತ್ತದೆ. ಅಂಥ ಹೊತ್ತಲ್ಲಿ ಅನ್ನ, ಸಾರು, ಪಲ್ಯ ಅಂತ ಮೂರು ಪಾತ್ರೆ ಇಡುವ ಶಕ್ತಿ ನನಗಿರುವುದಿಲ್ಲ. ಒಂದೇ ಪಾತ್ರೆಯಲ್ಲಿ ಆಗಬೇಕು, ಹೊಟ್ಟೆ ತುಂಬಬೇಕು, ಮೈ ಬೆಚ್ಚಗಾಗಬೇಕು.

ಆಫೀಸಿನಲ್ಲಿ ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟದಲ್ಲಿ ಬೀನ್ಸ್ ಹಾಕಿದ ಚಿಲಿ (ಒಣ ಮೆಣಸಿನಕಾಯಿ, ಜೀರಿಗೆ ಹಾಕಿ ಕುದಿಸುವ ಇಲ್ಲಿನ ಮಂದ ಸಾರು) ತಿಂದಾಗಿನಿಂದ ಇದೇ ಸರಿ ಅನ್ನಿಸಿದೆ. ಆದರೆ ಮನೆಯಲ್ಲಿ ಮೂರು ಸಲ ಮಾಡಿದೆ, ಮೂರು ಸಲವೂ ಕೆಟ್ಟಿತು. ಮೊದಲ ಸಲ ನೆಟ್‌ನಲ್ಲಿ ಸಿಕ್ಕ ಅಳತೆಯಂತೆ ಎರಡು ದೊಡ್ಡ ಚಮಚ ಚಿಲಿ ಪೌಡರ್ ಅಂತ ನಮ್ಮ ಖಾರದ ಪುಡಿ ಹಾಕಿದೆ. ಮಕ್ಕಳು ಒಂದು ಚಮಚ ಬಾಯಿಗಿಟ್ಟು ಹಾಲು ಕೇಳಿದರು. ಎರಡನೇ ಸಲ ಗರಂ ಮಸಾಲೆ ಹಾಕಿದೆ, ಅದು ಸೀದಾ ರಾಜ್ಮಾ ಆಯಿತು. ಮೂರನೇ ಸಲ ನೆನೆಸಿದ ಕಾಳನ್ನು ಟೊಮೆಟೊ ಜೊತೆಗೇ ಬೇಯಲು ಇಟ್ಟೆ. ಒಂದೂವರೆ ಗಂಟೆ ಕುದಿಸಿದರೂ ಕಾಳು ಹಲ್ಲಿಗೆ ಗಟ್ಟಿ.

ಇನ್ನೊಂದು ಮುಖ್ಯ ವಿಷಯ. ನಮ್ಮ ಯಜಮಾನರಿಗೆ ಈಚೆಗೆ ಬಿಪಿ ಅಂತ ಗೊತ್ತಾಯಿತು. ಉಪ್ಪು ಇಳಿಸಲೇಬೇಕು ಅಂದಿದ್ದಾರೆ ಡಾಕ್ಟರು. ಡಬ್ಬಿ ಬೀನ್ಸ್‌ನ ಚೀಟಿ ಓದಿದೆ: ಒಂದು ಸರ್ವಿಂಗ್‌ಗೆ, ಅಂದರೆ ಒಂದು ಪಾಲಿಗೆ, 400 ಮಿಲಿಗ್ರಾಂ ಸೋಡಿಯಂ (ಉಪ್ಪಿನಲ್ಲಿ ಬಿಪಿ ಏರಿಸುವ ಅಂಶ). ಪರವಾಗಿಲ್ಲ ಅಂದುಕೊಂಡು ಮೇಲೆ ನೋಡಿದರೆ ಡಬ್ಬಿಯಲ್ಲಿ ಮೂರೂವರೆ ಸರ್ವಿಂಗ್. ಅಂದರೆ ಒಂದು ಡಬ್ಬಿಗೆ 1400. ನಾನು ಹಾಕುತ್ತಿದ್ದದ್ದು ಎರಡು ಡಬ್ಬಿ!

ನಾವು ಸಸ್ಯಾಹಾರಿಗಳು. ದಯವಿಟ್ಟು ಅನುಭವ ಇರುವವರು ಹೇಳಿ.

ಬಿಳಿಜೋಳ (ಶಿಕಾಗೊ ಹತ್ತಿರ), ಶುಕ್ರವಾರ ರಾತ್ರಿ

ಅಕ್ಕಾ, ಮೊದಲ ತಪ್ಪು ನಿಮ್ಮದಲ್ಲ. ಹೆಸರೇ ಮೋಸ ಮಾಡುತ್ತದೆ. ಅಮೆರಿಕದ ಅಂಗಡಿಯಲ್ಲಿ ಚಿಲಿ ಪೌಡರ್ ಅಂದರೆ ಬರೀ ಮೆಣಸಿನಕಾಯಿ ಪುಡಿ ಅಲ್ಲ, ಅದೊಂದು ಮಿಶ್ರಣ. ಖಾರ ಕಮ್ಮಿ ಇರುವ ಮೆಣಸಿನಕಾಯಿ, ಜೀರಿಗೆ, ಓರೆಗಾನೊ (ಪಿಜ್ಜಾ ಮೇಲೆ ಉದುರಿಸುವ ಒಣ ಸೊಪ್ಪು), ಬೆಳ್ಳುಳ್ಳಿ ಪುಡಿ, ಎಷ್ಟೋ ಸಲ ಉಪ್ಪು ಕೂಡ ಸೇರಿರುತ್ತದೆ. ನಮ್ಮಲ್ಲಿ ಸಾರಿನ ಪುಡಿ ಅನ್ನುವ ಹಾಗೆ ಅದು ಚಿಲಿಗೆ ಹಾಕುವ ಪುಡಿ. ಆ ಅಳತೆಗೆ ನಮ್ಮ ಖಾರದ ಪುಡಿ ಹಾಕಿದರೆ ಯಾರ ಬಾಯಿಯೂ ತಡೆಯುವುದಿಲ್ಲ.

ನಾನು ಹಾವೇರಿ ಕಡೆಯವನು, ಹಾಗಾಗಿ ನನ್ನ ಮನೆಯಲ್ಲಿ ಈ ಪುಡಿಗೆ ಬ್ಯಾಡಗಿ ಬಿಟ್ಟರೆ ಬೇರೆ ಇಲ್ಲ. ಊರಿಂದ ಬರುವವರ ಪೆಟ್ಟಿಗೆಯಲ್ಲಿ ಅದು ಬಂದೇ ಬರುತ್ತದೆ. ಚಿಲಿಗೆ ಬೇಕಾದದ್ದು ಬಣ್ಣ, ಮೆಣಸಿನಕಾಯಿಯ ಸಿಹಿ ವಾಸನೆ, ಸ್ವಲ್ಪವೇ ಖಾರ. ಬ್ಯಾಡಗಿಯ ಗುಣವೇ ಅದು. ಇಲ್ಲಿನ ಮೆಕ್ಸಿಕನ್ ಅಂಗಡಿಯಲ್ಲಿ ಆಂಚೊ, ಗ್ವಾಹೀಯೊ ಅಂತ ಒಣ ಮೆಣಸಿನಕಾಯಿ ಸಿಗುತ್ತವೆ, ಅವೂ ಚೆನ್ನ. ಗುಂಟೂರು ಮಾತ್ರ ಬೇಡ.

ನನ್ನ ಅಳತೆ: ಬ್ಯಾಡಗಿ 10, ಬೀಜ ಉದುರಿಸಿ. ಜೀರಿಗೆ ಒಂದು ದೊಡ್ಡ ಚಮಚ. ಕೊತ್ತಂಬರಿ ಬೀಜ ಒಂದು ಟೀ ಚಮಚ. ಇವನ್ನು ಬೇರೆಬೇರೆಯಾಗಿ ಬೆಚ್ಚಗೆ ಮಾಡಿ, ಆರಿದ ಮೇಲೆ ಮಿಕ್ಸಿಗೆ ಹಾಕಿ. ಒಣ ಓರೆಗಾನೊ ಒಂದು ದೊಡ್ಡ ಚಮಚ ಕೊನೆಗೆ ಸೇರಿಸಿ, ಅದನ್ನು ಹುರಿಯಬೇಡಿ. ಉಪ್ಪು ಇಲ್ಲವೇ ಇಲ್ಲ. ಸಣ್ಣ ಜಾಡಿಯಲ್ಲಿಟ್ಟರೆ ಎರಡು ಮೂರು ಸಲಕ್ಕೆ ಆಗುತ್ತದೆ.

ಹಳೇ ಕುಕ್ಕರ್ (ನ್ಯೂಜೆರ್ಸಿ), ಶನಿವಾರ ಬೆಳಿಗ್ಗೆ

ಕಾಳು ಗಟ್ಟಿ ಉಳಿದದ್ದಕ್ಕೆ ಟೊಮೆಟೊ ಹುಳಿಯೇ ಕಾರಣ. ಹುಳಿ ತಾಗಿದರೆ ಕಾಳಿನ ಸಿಪ್ಪೆ ಮೆತ್ತಗಾಗುವುದು ನಿಧಾನ. ನಮ್ಮ ಅಮ್ಮಂದಿರು ಬೇಳೆ ಬೆಂದ ಮೇಲೇ ಹುಣಸೆಹಣ್ಣು ಹಾಕುತ್ತಿದ್ದರಲ್ಲ, ಲೆಕ್ಕ ಅದೇ. ಕಾಳು ಪೂರ್ತಿ ಬೇಯಲಿ, ಆಮೇಲೆ ಟೊಮೆಟೊ.

ಇನ್ನೊಂದು ಮಾತು ಹೇಳಲೇಬೇಕು, ದಯವಿಟ್ಟು ಎಲ್ಲರೂ ಓದಿ. ರಾಜ್ಮಾ ಕಾಳನ್ನು ಹಸಿಯಾಗಿ, ಬರೀ ನೆನೆಸಿದ್ದನ್ನು, ಸ್ಲೋ ಕುಕ್ಕರ್‌ಗೆ (ಗಂಟೆಗಟ್ಟಲೆ ಮಂದ ಬಿಸಿಯಲ್ಲಿ ಬೇಯಿಸುವ ಕರೆಂಟಿನ ಪಾತ್ರೆ) ಹಾಕಬೇಡಿ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ವಿಷ ಇರುತ್ತದೆ. ಜೋರಾಗಿ ಕುದಿಸಿದರೆ ಅದು ನಾಶವಾಗುತ್ತದೆ. ಸ್ಲೋ ಕುಕ್ಕರ್‌ನ ಮಂದ ಬಿಸಿಗೆ ನಾಶವಾಗುವುದಿಲ್ಲ. ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರೆಬರೆ ಬೆಂದ ಕಾಳು ಹಸಿ ಕಾಳಿಗಿಂತಲೂ ಕೆಟ್ಟದ್ದು. ನಾಲ್ಕೈದು ಕಾಳು ತಿಂದರೂ ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ.

ನನಗೆ ಇದು ಗೊತ್ತಾದದ್ದು ಅನುಭವದಿಂದ. ಈ ದೇಶಕ್ಕೆ ಬಂದ ಹೊಸದರಲ್ಲಿ ಬೆಳಿಗ್ಗೆ ಎಲ್ಲ ಹಾಕಿ ಆಫೀಸಿಗೆ ಹೋದೆ. ಸಂಜೆ ಬಂದು ತಿಂದೆವು. ಕಾಳು ಸ್ವಲ್ಪ ಗಟ್ಟಿ ಇತ್ತು, ಆದರೂ ಹಸಿವಲ್ಲಿ ತಿಂದೆವು. ಒಂಬತ್ತು ಗಂಟೆಗೆ ನಾನು, ನನ್ನ ಹೆಂಡತಿ, ಊಟಕ್ಕೆ ಬಂದಿದ್ದ ಗೆಳೆಯ ಮೂವರೂ ಬಾತ್‌ರೂಮಿನ ಬಾಗಿಲಲ್ಲಿ. ಆ ರಾತ್ರಿ ಮರೆಯುವಂಥದ್ದಲ್ಲ. ಗೆಳೆಯನ ಮುಖ ನೋಡಿ ನನಗೆ ತುಂಬ ಸಂಕಟವಾಯಿತು.

ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕುದಿಸಿ. ವಿಷ ಹೋಗಲು 10 ನಿಮಿಷದ ಜೋರು ಕುದಿ ಬೇಕು. ಅಮೆರಿಕದ ಆಹಾರ ಇಲಾಖೆ 30 ನಿಮಿಷ ಅನ್ನುತ್ತದೆ, ನಾನೂ ಅದನ್ನೇ ಹಿಡಿದಿದ್ದೇನೆ. ಪ್ರೆಶರ್ ಕುಕ್ಕರ್‌ನಲ್ಲಿ ಮೆತ್ತಗೆ ಬೇಯಿಸಿದರೆ ಚಿಂತೆ ಇಲ್ಲ. ಡಬ್ಬಿ ಬೀನ್ಸ್ ಮೊದಲೇ ಬೆಂದಿರುತ್ತದೆ, ಅದಕ್ಕೂ ಚಿಂತೆ ಇಲ್ಲ.

ತುಂಗೆ ತೀರ, ಶನಿವಾರ ಬೆಳಿಗ್ಗೆ

ಅಯ್ಯೋ, ನಾನು ಇದೇ ವಾರ ಸ್ಲೋ ಕುಕ್ಕರ್ ಕೊಳ್ಳಬೇಕು ಅಂತಿದ್ದೆ! ತುಂಬ ಥ್ಯಾಂಕ್ಸ್ ಅಣ್ಣಾ. ನನ್ನ ಮೂರನೇ ಸಲದ ಆ ಗಟ್ಟಿ ಕಾಳನ್ನು ಮಕ್ಕಳಿಗೆ ಕೊಡದೆ ಚೆಲ್ಲಿದ್ದು ಒಳ್ಳೆಯದಾಯಿತು.

ಮೆಸ್ಕೀಟ್ ನೆರಳು (ಸ್ಯಾನ್ ಆಂಟೋನಿಯೊ), ಶನಿವಾರ ಮಧ್ಯಾಹ್ನ

ಟೆಕ್ಸಸ್‌ನಲ್ಲಿ ಕೂತಿರುವ ನಾನು ಮಾತಾಡದೆ ಇದ್ದರೆ ತಪ್ಪಾಗುತ್ತದೆ. ಇಲ್ಲಿನವರ ಪ್ರಕಾರ ಚಿಲಿಗೆ ಬೀನ್ಸ್ ಹಾಕುವಂತಿಲ್ಲ. ದನದ ಮಾಂಸ, ಒಣ ಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ಅಷ್ಟೇ. ಇದೇ ರಾಜ್ಯದ ಟರ್ಲಿಂಗ್ವಾ ಅನ್ನುವ ಊರಲ್ಲಿ 1967ರಿಂದ ನಡೆಯುವ ಚಿಲಿ ಸ್ಪರ್ಧೆಗಳಲ್ಲಿ ಬೀನ್ಸ್, ಅನ್ನ, ಪಾಸ್ತಾ ಹಾಕಿದರೆ ನಿಯಮ ಮುರಿದಂತೆ. 1977ರಲ್ಲಿ ಚಿಲಿಯನ್ನು ಟೆಕ್ಸಸ್ ರಾಜ್ಯದ ಅಧಿಕೃತ ತಿನಿಸು ಅಂತ ಶಾಸನ ಸಭೆಯೇ ಘೋಷಿಸಿತು.

ನನಗೆ ಅದಕ್ಕಿಂತ ಇಷ್ಟವಾದದ್ದು ಇಲ್ಲಿನ ಚೌಕಗಳ ಕಥೆ. 1880ರ ದಶಕದಲ್ಲಿ ಮಿಲಿಟರಿ ಪ್ಲಾಜಾದಲ್ಲಿ ಕತ್ತಲಾಗುತ್ತಿದ್ದಂತೆ ಮೆಕ್ಸಿಕನ್ ಮೂಲದ ಹೆಂಗಸರು ಉದ್ದ ಮೇಜು ಹಾಕಿ, ಲಾಟೀನು ಹಚ್ಚಿ, ಮನೆಯಲ್ಲಿ ಮಾಡಿದ ಚಿಲಿಯನ್ನು ಬೆಂಕಿಯ ಮೇಲೆ ಬಿಸಿ ಇಟ್ಟು ಬಟ್ಟಲಿಗೆ ಬಡಿಸುತ್ತಿದ್ದರು. ಅವರನ್ನು ಚಿಲಿ ಕ್ವೀನ್ಸ್ ಅನ್ನುತ್ತಿದ್ದರು. 1893ರಲ್ಲಿ ಶಿಕಾಗೊದ ದೊಡ್ಡ ವಸ್ತುಪ್ರದರ್ಶನದಲ್ಲಿ ಸ್ಯಾನ್ ಆಂಟೋನಿಯೊ ಚಿಲಿಯ ಅಂಗಡಿ ಇತ್ತು. 1930ರ ದಶಕದ ಕೊನೆಗೆ ಆರೋಗ್ಯ ಇಲಾಖೆಯ ನಿಯಮಗಳಿಂದ ಆ ಮೇಜುಗಳು ಮುಚ್ಚಿದವು. ನಾನು ಆ ಚೌಕದ ಪಕ್ಕ ನಡೆದು ಹೋಗುವಾಗಲೆಲ್ಲ ಆ ಹೆಂಗಸರನ್ನು ನೆನೆಯುತ್ತೇನೆ. ಊಟದ ಹೆಸರು ಉಳಿಯಿತು, ಅವರ ಹೆಸರುಗಳು ಹೆಚ್ಚು ಉಳಿಯಲಿಲ್ಲ.

ಈಗ ನಿಮ್ಮ ಕೆಲಸಕ್ಕೆ ಬರುವ ಮಾತು. ನಾನೂ ಸಸ್ಯಾಹಾರಿ, ಬೀನ್ಸ್ ಹಾಕಿಯೇ ಮಾಡುತ್ತೇನೆ. ಆದರೆ ಟೆಕ್ಸಸ್‌ನವರಿಂದ ಒಂದು ವಿಷಯ ಕಲಿತೆ: ಮೆಣಸಿನಕಾಯಿಯನ್ನು ಪುಡಿಗಿಂತ ರುಬ್ಬಿ ಹಾಕಿದರೆ ರುಚಿಯೇ ಬೇರೆ. ಒಣ ಮೆಣಸಿನಕಾಯಿಯನ್ನು ಕಾದ ಕಾವಲಿಯ ಮೇಲೆ ಸೌಟಿನಿಂದ ಒತ್ತಿ ಹಿಡಿಯಿರಿ. ಕೆಲವೇ ಸೆಕೆಂಡು. ಒಣದ್ರಾಕ್ಷಿಯಂಥ ವಾಸನೆ ಬಂದ ತಕ್ಷಣ ತೆಗೆಯಬೇಕು. ಕಪ್ಪಾದರೆ ಇಡೀ ಪಾತ್ರೆ ಕಹಿ. ಬಿಸಿ ನೀರಲ್ಲಿ 20 ನಿಮಿಷ ನೆನೆಸಿ, ಸಾರಿಗೆ ರುಬ್ಬುವ ಹಾಗೆ ನುಣ್ಣಗೆ ರುಬ್ಬಿ. ಬಣ್ಣ, ಮಂದ ಎರಡೂ ಅದರಿಂದಲೇ ಬರುತ್ತವೆ.

ನೀಲಗಿರಿ ಎಣ್ಣೆ (ಒಹಾಯೊ), ಶನಿವಾರ ಸಂಜೆ

ಗರಂ ಮಸಾಲೆ ಬಗ್ಗೆ ಒಂದು ಮಾತು. ಸಿನ್ಸಿನಾಟಿಯಲ್ಲಿ ಚಿಲಿಗೆ ಚಕ್ಕೆ ಹಾಕುತ್ತಾರೆ. ಮೆಸಿಡೋನಿಯಾದಿಂದ ಬಂದ ಅಣ್ಣತಮ್ಮಂದಿರು 1922ರಲ್ಲಿ ಶುರು ಮಾಡಿದ ಅಂಗಡಿಯಿಂದ ಬಂದ ರುಚಿ ಅದು. ಸ್ಪಾಗೆಟಿ ಮೇಲೆ ಸುರಿದು, ಮೇಲೆ ರಾಶಿ ಚೀಸ್ ಹಾಕಿ ಕೊಡುತ್ತಾರೆ. ಹಾಗಾಗಿ ಅರ್ಧ ಇಂಚು ಚಕ್ಕೆ ಹಾಕಿದರೆ ಯಾರೂ ಬಯ್ಯುವುದಿಲ್ಲ. ಏಲಕ್ಕಿ, ಲವಂಗ ಎಲ್ಲ ಜೋರಾಗಿ ಸೇರಿದರೆ ಮಾತ್ರ ರಾಜ್ಮಾ ಕಡೆ ವಾಲುತ್ತದೆ.

ಅಜ್ಜಿಮನೆ (ಮೈಸೂರು), ಭಾನುವಾರ ಬೆಳಿಗ್ಗೆ

ನಾನು ಮಗನ ಮನೆಗೆ ಟೊರಾಂಟೊಗೆ ಹೋದಾಗ ಮಾಡಿಕೊಟ್ಟಿದ್ದೇನೆ ಮಗಳೇ. ಕಾಳು ಬೇಯಿಸಿದ ಕಟ್ಟನ್ನು ಚೆಲ್ಲಬೇಡ. ನೆನೆಸಿದ ನೀರು ಚೆಲ್ಲು, ಬೇಯಿಸಿದ ನೀರು ಇಟ್ಟುಕೊ. ಬಸ್ಸಾರಿಗೆ ಕಟ್ಟು ಹೇಗೋ ಇದಕ್ಕೂ ಹಾಗೆ. ಅದೇ ಇದರ ರುಚಿ. ಅಲ್ಲಿಯವರು ಡಬ್ಬಿಯಲ್ಲಿ ಬರುವ ಬ್ರಾತ್ (ತರಕಾರಿ ಅಥವಾ ಮಾಂಸ ಬೇಯಿಸಿದ ತಿಳಿ) ಹಾಕುತ್ತಾರೆ, ಅದರ ತುಂಬ ಉಪ್ಪು. ಕಟ್ಟು ಇದ್ದರೆ ಅದು ಯಾಕೆ ಬೇಕು?

ಹಾಗೇ ಈರುಳ್ಳಿಯನ್ನು ಆತುರದಲ್ಲಿ ಬಾಡಿಸಬೇಡ. ಅಂಚು ಕೆಂಪಗಾಗಲಿ. ಉಪ್ಪು ಕಮ್ಮಿ ಮಾಡಿದ ಅಡುಗೆಯಲ್ಲಿ ಹುರಿದ ರುಚಿ, ಹುಳಿ, ವಾಸನೆ ಮೂರೂ ಜಾಸ್ತಿ ಬೇಕು. ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡು. ನಿನ್ನ ಯಜಮಾನರಿಗೆ ಉಪ್ಪು ಕಮ್ಮಿ ಅಂತ ಅನ್ನಿಸುವುದೇ ಇಲ್ಲ. ನಮ್ಮವರಿಗೆ ಹನ್ನೆರಡು ವರ್ಷದಿಂದ ಬಿಪಿ, ನಾನು ಹೀಗೇ ನಡೆಸಿಕೊಂಡು ಬಂದಿದ್ದೇನೆ.

ಕಾಫಿ ಹೂವು (ಸಿಯಾಟಲ್), ಭಾನುವಾರ ಬೆಳಿಗ್ಗೆ

ಮಾಂಸ ತಿನ್ನುವವರಿಗೆ ಒಂದು ಸಾಲು: ನಾವು ಕೊಡಗಿನವರು, ಟರ್ಕಿ ಖೀಮಾ ಹಾಕುತ್ತೇವೆ. ಅರ್ಧ ಅಳತೆ ಖೀಮಾ, ಉಳಿದರ್ಧ ಕಾಳು. ಖೀಮಾ ಒಳಗೆ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು. ಮೊದಲು ಅದನ್ನು ಅಲುಗಾಡಿಸದೆ ಒಂದು ಬದಿ ಕೆಂಪಗೆ ಹುರಿದುಕೊಳ್ಳಿ, ಆಮೇಲೆ ಈರುಳ್ಳಿ.

ತುಂಗೆ ತೀರ, ಭಾನುವಾರ ಮಧ್ಯಾಹ್ನ

ಅಮ್ಮಾ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ಮಂಗಳವಾರ ಮಾಡೇ ಮಾಡುತ್ತೇನೆ. ನಿನ್ನೆ ರಾತ್ರಿಯೇ ಕಾಳು ನೆನೆಸಿದ್ದೆ. ಎರಡು ಪ್ರಶ್ನೆ ಉಳಿದಿವೆ. ಮಾಂಸ ಇಲ್ಲದೆ ಮಂದ ಹೇಗೆ ತರುವುದು? ಓರೆಗಾನೊ ವಾಸನೆ ನಮ್ಮ ಮಗನಿಗೆ ಪಿಜ್ಜಾ ಪಿಜ್ಜಾ ಅನ್ನಿಸುತ್ತದಂತೆ, ಬದಲಿಗೆ ಏನು?

ಬಿಳಿಜೋಳ, ಭಾನುವಾರ ಮಧ್ಯಾಹ್ನ

ಮಂದಕ್ಕೆ ಗೋಧಿ ನುಚ್ಚು. ಆರು ಜನರ ಪಾತ್ರೆಗೆ ಅರ್ಧ ಕಪ್. ಕಾಳಿನ ನಡುವೆ ಅದು ಖೀಮಾದ ಹಾಗೇ ಹಲ್ಲಿಗೆ ಸಿಗುತ್ತದೆ. ಸೋಯಾ ಪುಡಿಗಿಂತ ನನಗೆ ಇದೇ ಇಷ್ಟ. ಆಮೇಲೆ ಒಂದು ಸೌಟು ಬೆಂದ ಕಾಳನ್ನು ಪಾತ್ರೆಯ ಗೋಡೆಗೆ ಒತ್ತಿ ಮಸೆಯಿರಿ.

ಓರೆಗಾನೊ ಬದಲಿಗೆ ದೊಡ್ಡಪತ್ರೆ! ಇಲ್ಲಿ ಅದನ್ನು ಕ್ಯೂಬನ್ ಓರೆಗಾನೊ ಅಂತಲೇ ಮಾರುತ್ತಾರೆ. ಎರಡರಲ್ಲೂ ಕಾರ್ವಕ್ರಾಲ್ ಅನ್ನುವ ವಾಸನೆಯ ಎಣ್ಣೆ ಇದೆ. ಮೂರು ಎಲೆ ಸಣ್ಣಗೆ ಹೆಚ್ಚಿ ಕೊನೆಯ ಐದು ನಿಮಿಷಕ್ಕೆ ಹಾಕಿ.

ತುಂಗೆ ತೀರ, ಭಾನುವಾರ ಮಧ್ಯಾಹ್ನ

ದೊಡ್ಡಪತ್ರೆ ನನ್ನ ಅಡುಗೆಮನೆ ಕಿಟಕಿಯಲ್ಲೇ ಇದೆ! ತಂಬುಳಿಗೆ ಅಂತ ಬೆಳೆಸಿದ್ದು.

ಹೊಸ ಬಾಣಲೆ (ಬೆಂಗಳೂರು), ಭಾನುವಾರ ರಾತ್ರಿ

ಇಲ್ಲಿ ಈಗ ಅವರೆಕಾಳು ಸೀಸನ್. ರಾಜ್ಮಾ ಬದಲು ಅವರೆಕಾಳಲ್ಲಿ ಮಾಡಬಹುದಾ?

ಅಜ್ಜಿಮನೆ, ಸೋಮವಾರ ಬೆಳಿಗ್ಗೆ

ಅವರೆಕಾಳಿನ ಸೊಗಡು ಜೀರಿಗೆ, ಟೊಮೆಟೊ ಅಡಿ ಮುಚ್ಚಿಹೋಗುತ್ತದೆ ಕಂದಾ. ಅದನ್ನು ಹುಳಿಗೋ ಉಪ್ಪಿಟ್ಟಿಗೋ ಇಟ್ಟುಕೊ. ಇದಕ್ಕೆ ಅಲಸಂದೆ ಹಾಕು, ಚೆನ್ನಾಗಿ ಹೊಂದುತ್ತದೆ.

ತುಂಗೆ ತೀರ, ಮಂಗಳವಾರ ರಾತ್ರಿ

ಆಯಿತು! ಮಕ್ಕಳು ಮಲಗಿದ್ದಾರೆ, ಮರೆಯುವ ಮೊದಲು ಬರೆಯುತ್ತಿದ್ದೇನೆ.

ಭಾನುವಾರ ಅರ್ಧ ಪೌಂಡ್ ರಾಜ್ಮಾ, ಅರ್ಧ ಪೌಂಡ್ ಕಪ್ಪು ಬೀನ್ಸ್ ಬೇರೆಬೇರೆಯಾಗಿ ಬೇಯಿಸಿದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರು, ಚಿಟಿಕೆ ಇಂಗು. ಇನ್‌ಸ್ಟಂಟ್ ಪಾಟ್‌ನಲ್ಲಿ (ಕರೆಂಟಿನ ಪ್ರೆಶರ್ ಕುಕ್ಕರ್) ರಾಜ್ಮಾಗೆ 12 ನಿಮಿಷ, ಒತ್ತಡ ತಾನಾಗೇ ಇಳಿಯುವವರೆಗೆ ಬಿಟ್ಟೆ. ಒಂದು ಕಾಳನ್ನು ಬೆರಳ ನಡುವೆ ಒತ್ತಿದರೆ ಬೆಣ್ಣೆಯ ಹಾಗೆ ಚಪ್ಪಟೆಯಾಗಬೇಕು. ನಡುವೆ ಬಿಳಿ ಗಟ್ಟಿ ಉಳಿದಿದ್ದರೆ ಇನ್ನೊಮ್ಮೆ ಇಡಿ. ಒಂದು ಪೌಂಡ್ ಒಣ ಕಾಳಿಗೆ ಸುಮಾರು ಆರು ಕಪ್ ಬೆಂದ ಕಾಳು ಬಂತು. ಮೂರು ಕಪ್ ಫ್ರೀಜರ್‌ಗೆ ಹೋಯಿತು. ಉಳಿದ ಮೂರು ಕಪ್, ಎರಡು ಕಪ್ ಕಟ್ಟು ಫ್ರಿಜ್ಜಿನಲ್ಲಿ. ಬ್ಯಾಡಗಿಯನ್ನು ಅವತ್ತೇ ರುಬ್ಬಿಟ್ಟೆ. ಕಿಟಕಿ ತೆರೆಯಲಾಗದ ಚಳಿಯಲ್ಲಿ ಮೆಣಸಿನಕಾಯಿ ಬೆಚ್ಚಗೆ ಮಾಡಿದರೆ ಇಡೀ ಮನೆ ಕೆಮ್ಮುತ್ತದೆ, ಎಕ್ಸಾಸ್ಟ್ ಫ್ಯಾನ್ ಮೊದಲು ಹಾಕಿಕೊಳ್ಳಿ.

ಇವತ್ತು ಮನೆಗೆ ಬಂದಾಗ 6:20. ಎರಡು ಟೀ ಚಮಚ ಎಣ್ಣೆ, ಒಂದು ದೊಡ್ಡ ಈರುಳ್ಳಿ, ಒಂದು ದೊಣ್ಣೆಮೆಣಸಿನಕಾಯಿ, ಎರಡು ಕ್ಯಾರೆಟ್. ಎಂಟು ನಿಮಿಷ ಬಾಡಿಸಿದೆ, ಅಮ್ಮ ಹೇಳಿದಂತೆ ಅಂಚು ಕೆಂಪಗಾಗುವ ತನಕ. ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ದೊಡ್ಡ ಚಮಚ ಜೀರಿಗೆ ಪುಡಿ. ಎರಡು ಚಮಚ ಟೊಮೆಟೊ ಪೇಸ್ಟ್ ಹಾಕಿ, ಅದು ತಳ ಹಿಡಿಯುವ ಹಾಗಾಗಿ ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುವ ತನಕ ಕೈಯಾಡಿಸಿದೆ. ಅಲ್ಲಿಂದಲೇ ವಾಸನೆ ಬದಲಾಯಿತು. ರಾಜ್ಮಾ ವಾಸನೆ ಅಲ್ಲ, ಆಫೀಸಿನಲ್ಲಿ ತಿಂದಿದ್ದೆನಲ್ಲ, ಅದೇ. ಆಮೇಲೆ ರುಬ್ಬಿದ ಬ್ಯಾಡಗಿ, ಅರ್ಧ ಕಪ್ ಗೋಧಿ ನುಚ್ಚು, ಉಪ್ಪು ಹಾಕದ 28 ಔನ್ಸ್ ಡಬ್ಬಿಯ ಟೊಮೆಟೊ, ಕಾಳು, ಕಟ್ಟು. ಮುಚ್ಚಿ 25 ನಿಮಿಷ. ಅಷ್ಟರಲ್ಲಿ ಮಕ್ಕಳ ಸ್ನಾನ ಮುಗಿಯಿತು. ಕೊನೆಗೆ ಮೂರು ದೊಡ್ಡಪತ್ರೆ ಎಲೆ, ಒಂದು ಪೂರ್ತಿ ನಿಂಬೆಹಣ್ಣು.

ಉಪ್ಪು ಆರು ಜನಕ್ಕೆ ಮುಕ್ಕಾಲು ಟೀ ಚಮಚ. ಒಂದು ಟೀ ಚಮಚ ಉಪ್ಪಲ್ಲೇ ಸುಮಾರು 2300 ಮಿಲಿಗ್ರಾಂ ಸೋಡಿಯಂ, ಇಲ್ಲಿ ದೊಡ್ಡವರಿಗೆ ಒಂದು ದಿನದ ಮಿತಿ ಅಂತ ಹೇಳುವುದೂ ಅಷ್ಟೇ. ಈಗ ಉಪ್ಪಿನಿಂದ ಬರುವುದು ಒಬ್ಬರಿಗೆ 300ರ ಒಳಗೆ. ನಾನು ಕಾಗದದ ಮೇಲೆ ಎರಡು ಸಲ ಲೆಕ್ಕ ಹಾಕಿದೆ.

ಮೇಲೆ ಸೋರ್ ಕ್ರೀಮ್ ಬದಲು ನೀರು ಬಸಿದ ಮೊಸರು, ಕೊತ್ತಂಬರಿ ಸೊಪ್ಪು. ಯಜಮಾನರು ಮೊದಲ ತುತ್ತಿಗೆ ಏನೂ ಹೇಳಲಿಲ್ಲ. ಎರಡನೇ ಸಲ ಬಡಿಸಿಕೊಂಡಾಗ ಉಪ್ಪಿನ ಡಬ್ಬಿ ಕಡೆ ಕೈ ಹೋಗಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ.

ಮೆಸ್ಕೀಟ್ ನೆರಳು, ಮಂಗಳವಾರ ರಾತ್ರಿ

ತುಂಬ ಖುಷಿಯಾಯಿತು! ನಾಳೆಗೆ ಉಳಿದದ್ದು ಇನ್ನೂ ಚೆನ್ನಾಗಿರುತ್ತದೆ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ, ಆಳದ ಪಾತ್ರೆ ಬೇಡ, ಅಗಲದ ಡಬ್ಬಿಗಳಿಗೆ ಹಂಚಿ. ಮೂರು ನಾಲ್ಕು ದಿನ ಇಡಬಹುದು.

ಹಳೇ ಕುಕ್ಕರ್, ಬುಧವಾರ ಬೆಳಿಗ್ಗೆ

ಕಾಳು ಬೇಯಿಸಲು ಸಮಯ ಸಿಗದ ವಾರಕ್ಕೆ: ಉಪ್ಪು ಹಾಕದ ಡಬ್ಬಿ ಸಿಗುತ್ತದೆ. ಅದು ಸಿಗದಿದ್ದರೆ ಮಾಮೂಲಿ ಡಬ್ಬಿಯನ್ನು ಜರಡಿಗೆ ಸುರಿದು ನಲ್ಲಿ ಕೆಳಗೆ ಚೆನ್ನಾಗಿ ತೊಳೆಯಿರಿ, ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸೋಡಿಯಂ ಹೋಗುತ್ತದೆ. ಮತ್ತೆ, ಎಲ್ಲವನ್ನೂ ಇನ್‌ಸ್ಟಂಟ್ ಪಾಟ್‌ನಲ್ಲೇ ಮಾಡುವವರು ಟೊಮೆಟೊವನ್ನು ಮೇಲೆ ಸುರಿದು ಹಾಗೇ ಬಿಡಿ, ಕಲಕಬೇಡಿ. ತಳಕ್ಕೆ ಇಳಿದರೆ ಅದು ಸೀದು, ಪಾಟ್ ಅರ್ಧದಲ್ಲೇ ನಿಂತುಬಿಡುತ್ತದೆ.

ತುಂಗೆ ತೀರ, ಗುರುವಾರ ರಾತ್ರಿ

ಉಳಿದದ್ದನ್ನು ಇವತ್ತು ಬಿಸಿ ಮಾಡಿದೆ. ನುಚ್ಚು ನೀರೆಲ್ಲ ಕುಡಿದು ಮುದ್ದೆಯ ಹಾಗಾಗಿತ್ತು, ಒಂದೂವರೆ ಕಪ್ ಬಿಸಿ ನೀರು ಸೇರಿಸಿ ಕುದಿಸಬೇಕಾಯಿತು. ನೀವೂ ನೋಡಿಕೊಳ್ಳಿ. ಜೊತೆಗೆ ಕಾರ್ನ್‌ಬ್ರೆಡ್ ಮಾಡಲು ಪುರಸೊತ್ತಿರಲಿಲ್ಲ, ಊರಿಂದ ತಂದ ಕಟಕ್ ಜೋಳದ ರೊಟ್ಟಿ ಮುರಿದು ಕೊಟ್ಟೆ. ಮಗಳು ಒದ್ದೆ ಕೂದಲಲ್ಲೇ ಕೂತು ರೊಟ್ಟಿ ಚೂರಿನಿಂದ ಬಟ್ಟಲು ಒರೆಸಿ ತಿಂದಳು. ಮುಂದಿನ ವಾರ ಅಲಸಂದೆ ಹಾಕುತ್ತೇನೆ ಅಮ್ಮಾ, ಅದಕ್ಕೂ ರಾತ್ರಿ ಪೂರ್ತಿ ನೆನೆಸಬೇಕಾ?

ಅಜ್ಜಿಮನೆ, ಶುಕ್ರವಾರ ಬೆಳಿಗ್ಗೆ

ಬೇಡ ಮಗಳೇ. ಅಲಸಂದೆಗೆ ಎರಡು ಗಂಟೆ ಸಾಕು, ಕುಕ್ಕರ್‌ನಲ್ಲಿ ಎರಡು ಕೂಗು. ಜಾಸ್ತಿ ಬೆಂದರೆ ಕರಗಿಹೋಗುತ್ತದೆ.